ಕೈಯೆತ್ತಿದವರ ಹಾಡು

ಓದುಗರ ಪತ್ರ: "ಸಂಪಾದಕರೇ, ಹದಿನೆಂಟು ವರ್ಷಗಳಿಂದ ನಮ್ಮ ಸಭೆಯ ಗಾಯನ ವೃಂದದಲ್ಲಿದ್ದೇನೆ. ಪ್ರತಿ ಭಾನುವಾರ ತಲೆ ತಗ್ಗಿಸಿ ಪಾಪಗಳನ್ನು ಅರಿಕೆ ಮಾಡುತ್ತೇವೆ. ಒಂದು ನಿಮಿಷವೂ ಕಳೆದಿರುವುದಿಲ್ಲ, ಎದ್ದು ನಿಂತು ಸ್ತುತಿ ಹಾಡುತ್ತೇವೆ. ಈಚೆಗೆ ನನ್ನ ಗಂಟಲಿನಿಂದ ಹಾಡು ಹೊರಡುತ್ತಿಲ್ಲ. ಮನೆಯವರ ಮೇಲೆ ಸಿಡುಕುವುದು ನನ್ನ ಹಳೆಯ ತಪ್ಪು. ಅದಕ್ಕೇ ವಾರವಾರವೂ ಕ್ಷಮೆ ಕೇಳಿ, ವಾರವಾರವೂ ದೇವರನ್ನು ಹೊಗಳುವುದು ಮುಖಸ್ತುತಿಯಂತೆ ಕಾಣುತ್ತದೆ. ಇನ್ನೊಂದು ವಿಷಯ. ಸಭೆಯ ಒಬ್ಬರ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಅವರು ಕೈಯೆತ್ತಿಬಿಟ್ಟರು. ಮೂರು ವರ್ಷ ಕಂತು ಕಟ್ಟಿದವಳು ನಾನು. ರಸೀದಿಗಳು ಇನ್ನೂ ನನ್ನ ಹಾಡಿನ ಪುಸ್ತಕದೊಳಗೇ ಇವೆ. ಅವರು ವೃಂದಕ್ಕೆ ನೇರ ಎದುರಿನ ಬೆಂಚಿನಲ್ಲಿ ನಿಂತು, ಕೈಯೆತ್ತಿ, ದೇವರ ಕರುಣೆಯನ್ನು ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ. ಅವರನ್ನು ಕ್ಷಮಿಸಿದವರು ಯಾರು? ನನ್ನನ್ನಂತೂ ಅವರು ಕೇಳಲಿಲ್ಲ. ವೃಂದ ಬಿಟ್ಟುಬಿಡಲೇ? ಹೆಸರು ಹಾಕಬೇಡಿ."

ಸೋದರಿ,

ನಿಮ್ಮ ಪತ್ರ ಬಂದು ಐದು ವಾರವಾಯಿತು. ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ಎರಡರಲ್ಲೂ ಉಪದೇಶದ ವಾಸನೆ ಹೊಡೆಯುತ್ತಿತ್ತು. ಬೇಕೆಂದೇ ಬರೆದಿರೋ ಕೈತಪ್ಪಿ ಬಂತೋ ತಿಳಿಯದು, ಅಂದು ಕೈಯೆತ್ತಿದವರೇ ಇಂದು ಕೈಯೆತ್ತಿ ಹಾಡುತ್ತಾರೆ ಎಂಬುದನ್ನು ಓದಿದಾಗ ಮೊದಲು ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಮುಖಸ್ತುತಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭದ್ದು. ದೇವರ ಕ್ಷಮೆಯನ್ನು ಕೊಂಡಾಡುವ ಹಾಡುಗಳಲ್ಲಿ ಬೈಬಲಿನ 103ನೆಯ ಕೀರ್ತನೆಯಷ್ಟು ಬಳಕೆಯಲ್ಲಿರುವುದು ಕಡಿಮೆ. ಇವತ್ತು ರಾತ್ರಿ ಅದನ್ನು ತೆರೆದು ಒಂದು ಸಣ್ಣ ಲೆಕ್ಕ ಮಾಡಿ: ಇಪ್ಪತ್ತೆರಡು ವಚನಗಳಲ್ಲಿ ದೇವರನ್ನು 'ನೀನು' ಎಂದು ಎಷ್ಟು ಕಡೆ ಕರೆದಿದೆ? ಒಂದು ಕಡೆಯೂ ಇಲ್ಲ. ಕವಿ ಮಾತನಾಡುವುದು ತನ್ನ ಮನಸ್ಸಿನೊಡನೆ. ಕೊನೆಗೆ ದೇವದೂತರನ್ನೂ ಸೃಷ್ಟಿಯನ್ನೂ ಕರೆದು, ಮತ್ತೆ ತನ್ನ ಮನಸ್ಸಿಗೇ ಬಂದು ನಿಲ್ಲುತ್ತಾನೆ. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎನ್ನುತ್ತಾನೆ. ಮರೆಯುವ ಚಾಳಿ ಇರುವುದು ನಮಗೆ. ಮುಖಸ್ತುತಿ ಮಾಡುವವನು ದೊರೆಯ ಮುಖ ನೋಡಿಕೊಂಡು ಹಾಡುತ್ತಾನೆ, ಅದೂ ಏನಾದರೂ ಕೈಗೆ ಸಿಗುವ ಮುಂಚೆ. ಇಲ್ಲಿ ಹಾಡುಗಾರ ತನ್ನ ಮನಸ್ಸಿನ ಕಿವಿ ಹಿಂಡುತ್ತಿದ್ದಾನೆ, ಅದೂ ಎಲ್ಲ ಸಿಕ್ಕ ಮೇಲೆ.

ಅರಿಕೆಗೂ ಸ್ತುತಿಗೂ ನಡುವೆ ಒಂದು ನಿಮಿಷವೂ ಇರುವುದಿಲ್ಲ ಎಂದಿದ್ದೀರಿ. ನನ್ನ ದೂರು ಇದಕ್ಕೆ ತಿರುಗಾಮುರುಗಾ: ಆ ಒಂದು ನಿಮಿಷವಾದರೂ ಏಕೆ ಇರಬೇಕು? ಹೀಬ್ರೂ ಭಾಷೆಯಲ್ಲಿ 'ತೋದಾ' ಎಂಬ ಪದವಿದೆ. ಕೃತಜ್ಞತೆಯ ಕಾಣಿಕೆಗೂ ಸ್ತೋತ್ರಕ್ಕೂ ಅದೇ ಪದ. ಯೆಹೋಶುವನ ಪುಸ್ತಕದ 7ನೆಯ ಅಧ್ಯಾಯದಲ್ಲಿ, ಕದ್ದ ಮಾಲನ್ನು ಡೇರೆಯೊಳಗೆ ಹೂತಿಟ್ಟ ಆಕಾನನನ್ನು ನಿಲ್ಲಿಸಿಕೊಂಡು ಯೆಹೋಶುವನು, ದೇವರಿಗೆ ಮಹಿಮೆ ಸಲ್ಲಿಸು, 'ತೋದಾ' ಸಲ್ಲಿಸು, ಏನು ಮಾಡಿದೆ ಹೇಳು ಎನ್ನುತ್ತಾನೆ. ತಪ್ಪೊಪ್ಪಿಗೆ ಎಂದು ಅನುವಾದಿಸಿದರೂ ಸರಿ, ಸ್ತುತಿ ಎಂದರೂ ಸರಿ. (ಆಕಾನನ ಕಥೆ ಕ್ಷಮೆಯಲ್ಲಿ ಮುಗಿಯುವುದಿಲ್ಲ, ಅದನ್ನು ಮುಚ್ಚಿಟ್ಟು ಪದವನ್ನು ಮಾತ್ರ ಎತ್ತಿಕೊಳ್ಳುವುದು ನ್ಯಾಯವಲ್ಲ ಎಂದು ಹೇಳಿದ್ದೇನೆ.) ಲ್ಯಾಟಿನ್ನಿನ 'ಕನ್ಫೆಸ್ಸಿಯೊ' ಪದಕ್ಕೂ ಇದೇ ಎರಡು ಮುಖ. ಸಂತ ಅಗಸ್ಟೀನ ತನ್ನ ಆತ್ಮಕಥೆಗೆ ಇಟ್ಟ ಹೆಸರು ಅದೇ. ಕಳ್ಳತನದಿಂದ ಹಿಡಿದು ಕಾಮದವರೆಗೆ ಎಲ್ಲವನ್ನೂ ಒಪ್ಪಿಕೊಳ್ಳುವ ಆ ಪುಸ್ತಕದ ಮೊದಲ ಸಾಲು ದೇವರ ಹೊಗಳಿಕೆ. ಅದೇ ಅಗಸ್ಟೀನ 430ರಲ್ಲಿ, ವಾಂಡಲ ಜನಾಂಗದವರು ಅವನು ಬಿಷಪ್ಪನಾಗಿದ್ದ ಉತ್ತರ ಆಫ್ರಿಕಾದ ಹಿಪ್ಪೋ ನಗರವನ್ನು ಮುತ್ತಿಗೆ ಹಾಕಿದ್ದಾಗ, ಜ್ವರದಲ್ಲಿ ಮಲಗಿದ್ದಾನೆ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ಹಚ್ಚಿಸಿಕೊಂಡು, ಓದುತ್ತ ಅಳುತ್ತಿದ್ದನಂತೆ. ಅವನ ಜೊತೆಯಲ್ಲಿದ್ದ ಪೊಸಿದಿಯುಸ್ ಬರೆದಿಟ್ಟಿದ್ದಾನೆ. ನಲವತ್ತು ವರ್ಷ ಕೃಪೆಯನ್ನು ಬೋಧಿಸಿದವನಿಗೆ ಕೊನೆಯ ದಿನಗಳಲ್ಲೂ ಗೋಡೆಯ ಮೇಲೆ ಬೇಕಾಗಿದ್ದವು ಅವೇ ಹಳೆಯ ಹಾಡುಗಳು.

ಆರಾಧನೆಯ ಕ್ರಮವನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. 'ಕರ್ತನೇ ಕರುಣಿಸು' ಎಂಬ ಮೊರೆ ರೋಮಿನ ಆರಾಧನೆ ಲ್ಯಾಟಿನ್ನಿಗೆ ತಿರುಗಿದ ಮೇಲೂ ಗ್ರೀಕಿನಲ್ಲೇ, 'ಕೀರಿಯೆ ಎಲೆಯಿಸೋನ್' ಎಂದೇ ಉಳಿಯಿತು. ಅದರ ಬೆನ್ನಿಗೇ 'ಅತ್ಯುನ್ನತದಲ್ಲಿ ದೇವರಿಗೆ ಮಹಿಮೆ' ಬರುತ್ತದೆ. ಹಾಗಾದರೆ ಅಳು ಮುಗಿಯಿತು, ನಗು ಶುರುವಾಯಿತು ಎಂದೇ? ಆ ಮಹಿಮೆಯ ಗೀತೆಯ ನಡುಭಾಗವನ್ನು ನೋಡಿ. ಲೋಕದ ಪಾಪವನ್ನು ನಿವಾರಿಸುವವನೇ, ನಮ್ಮನ್ನು ಕರುಣಿಸು ಎಂದು ಅದೇ ಮೊರೆ ಮತ್ತೆ ಬಂದು ಕುಳಿತಿದೆ. ಹದಿನೆಂಟು ವರ್ಷಗಳಿಂದ ನೀವು ಹಾಡುತ್ತಿರುವ ಸ್ತುತಿಯ ಹೊಟ್ಟೆಯೊಳಗೇ ಅರಿಕೆ ಇದೆ.

ಇಷ್ಟು ಪುಸ್ತಕದ ಮಾತು. ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ಒಂದು ಅಚ್ಚಿನ ತಪ್ಪಿನಿಂದ.

ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯೊಂದರ ವಿಶೇಷ ಸಂಚಿಕೆಯಲ್ಲಿ 'ದೇವರ ಕ್ಷಮೆ ದೊಡ್ಡದು' ಎಂಬ ತಲೆಬರಹ 'ದೇವರ ಕ್ಷಾಮ ದೊಡ್ಡದು' ಎಂದು ಅಚ್ಚಾಯಿತು. ಓದುಗರು ಬಿಡುತ್ತಾರೆಯೇ? ಕರಡು ತಿದ್ದುತ್ತಿದ್ದವರು ನನಗಿಂತ ವಯಸ್ಸಿನಲ್ಲಿ ಹಿರಿಯರು. ಅವರನ್ನು ಇಡೀ ಕಚೇರಿಯ ಎದುರು ನಿಲ್ಲಿಸಿ ಬಾಯಿಗೆ ಬಂದಂತೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಸುಮ್ಮನೆ ನಿಂತಿದ್ದರು. ವಾರದ ಮೇಲೆ ಹಳೆಯ ಕರಡುಗಳ ಕಟ್ಟು ಬಿಚ್ಚಿದಾಗ ಆ ಪುಟ ಸಿಕ್ಕಿತು. 'ಕ್ಷಾಮ'ದ ಪಕ್ಕದಲ್ಲಿ ಅವರ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಸರಿ ಇದೆ' ಎಂದು ಬರೆದು, ಚುಟುಕು ಸಹಿ ಬೇರೆ ಹಾಕಿತ್ತು. ಸಹಿ ನನ್ನದು.

ಆ ಹಾಳೆಯನ್ನು ಹನ್ನೊಂದು ದಿನ ಮೇಜಿನ ಖಾನೆಯಲ್ಲಿ ಬಚ್ಚಿಟ್ಟೆ. ಆ ನಡುವೆ ಒಂದು ಭಾನುವಾರವೂ ಬಂದುಹೋಯಿತು, ನಾನು ಹಾಡಿಯೂ ಹಾಡಿದೆ, ಅದನ್ನು ಹೇಳದಿದ್ದರೆ ಮೋಸವಾದೀತು. ಹನ್ನೆರಡನೆಯ ದಿನ ಹಾಳೆ ಹಿಡಿದು ಅವರ ಮುಂದೆ ನಿಂತಾಗ, "ಗೊತ್ತು ಸಾರ್, ಅದನ್ನು ಕಟ್ಟಿನಲ್ಲಿ ಇಟ್ಟವನು ನಾನೇ" ಎಂದರು. ಅಂದೇ ತೋರಿಸಬಹುದಿತ್ತಲ್ಲ ಎಂದೆ. "ಎಲ್ಲರ ಎದುರಿಗೆ ಬೇಡ ಅನ್ನಿಸಿತು" ಎಂದು ಮುಂದಿನ ಕರಡಿಗೆ ಕೈಹಾಕಿದರು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕಥೆಯಲ್ಲಿ, ತಂದೆಯಿಂದ ಪಡೆದ ಪಾಲನ್ನು ಹಾಳುಮಾಡಿ ಮನೆಗೆ ಮರಳುವ ಕಿರಿಯ ಮಗ ದಾರಿಯುದ್ದಕ್ಕೂ ಒಂದು ಭಾಷಣ ಕಲಿತುಕೊಂಡು ಬರುತ್ತಾನಲ್ಲ, ಅದರ ಕೊನೆಯ ವಾಕ್ಯ 'ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ' ಎಂಬುದು. ತಂದೆಯ ಎದುರು ಭಾಷಣ ಒಪ್ಪಿಸುವಾಗ ಆ ವಾಕ್ಯ ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳಿಗೆ ನಿಲುವಂಗಿ ತರಲು ಹೇಳಿಯಾಗಿರುತ್ತದೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆಗೆ ಉಂಟಾದ ಕನಿಕರಕ್ಕೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ಒಳಗಿನ ಕರುಳುಗಳನ್ನು ಸೂಚಿಸುವ ಪದದಿಂದ ಹುಟ್ಟಿದ್ದು. ಹೀಬ್ರೂವಿನಲ್ಲಿ ಕರುಣೆಗಿರುವ ಒಂದು ಪದಕ್ಕೂ ಗರ್ಭಕ್ಕೂ ಬೇರು ಒಂದೇ. ಕರುಳು ಚುರುಕ್ ಎಂದಿತು, ಕರುಳಿನ ಕುಡಿ ಎಂದು ದಿನವೂ ಆಡುವವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ನನ್ನ ಕಥೆಯಲ್ಲಿ ಒಂದು ಕೆಲಸ ಉಳಿದಿತ್ತು. ಬೈದದ್ದು ಎಲ್ಲರ ಎದುರು. ತಿಂಗಳ ಸಭೆಯಲ್ಲಿ, ಅದೇ ಕೋಣೆಯಲ್ಲಿ, ಅವರ ದೊಡ್ಡತನವನ್ನು ಹೇಳಲು ಎದ್ದು ನಿಂತೆ. ಬಾಯಿ ತೆರೆದಾಗ ಹೊಳೆಯಿತು: ನನ್ನ ತಪ್ಪನ್ನು ಹೇಳದೆ ಅವರನ್ನು ಹೊಗಳಲು ದಾರಿಯೇ ಇಲ್ಲ. 'ಇವರು ಬಹಳ ಕ್ಷಮಾಶೀಲರು' ಎಂದಷ್ಟೇ ಹೇಳಿ ಕುಳಿತಿದ್ದರೆ ಯಾರಿಗೇನು ತಿಳಿಯುತ್ತಿತ್ತು? ಹಾಳೆಯನ್ನು ಎತ್ತಿ ತೋರಿಸಬೇಕಾಯಿತು, ಕೆಂಪು ಶಾಯಿಯ ಸಮೇತ.

ಇಲ್ಲಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. 51ನೆಯ ಕೀರ್ತನೆಯಲ್ಲಿ ದಾವೀದನು 'ನಿನಗೆ, ನಿನಗೇ ತಪ್ಪುಮಾಡಿದ್ದೇನೆ' ಎಂದು ದೇವರಿಗೆ ಹೇಳುವ ಸಾಲು ನನ್ನನ್ನು ವರ್ಷಗಟ್ಟಲೆ ಕಾಡಿದೆ. ಊರೀಯನ ಗತಿಯೇನು? ಹೆಂಡತಿ ಬತ್ಷೆಬೆಯನ್ನು ಅರಸ ದಾವೀದನಿಗೆ ಕಳೆದುಕೊಂಡು, ಅವನೇ ಬರೆದುಕೊಟ್ಟ ತನ್ನ ಸಾವಿನ ಆಜ್ಞೆಯಿದ್ದ ಪತ್ರವನ್ನು ತಾನೇ ಹೊತ್ತುಕೊಂಡು ಹೋದ ಆ ಸೈನಿಕನಿಗೆ ಏನೂ ತಪ್ಪು ನಡೆಯಲಿಲ್ಲವೇ? ವ್ಯಾಖ್ಯಾನಕಾರರ ಸಮಾಧಾನಗಳೆಲ್ಲ ನನಗೆ ಅರ್ಧ ಹೊಟ್ಟೆಯ ಊಟ. ಆದರೆ ಅದೇ ಕೀರ್ತನೆಯ ಮುಂದಿನ ಭಾಗದಲ್ಲಿ, ರಕ್ತಾಪರಾಧದಿಂದ ಬಿಡಿಸು, ಆಗ ನನ್ನ ನಾಲಿಗೆ ನಿನ್ನ ನೀತಿಯನ್ನು ಹಾಡುವುದು ಎಂದಿದೆ. ಹಾಡಿನ ಬಾಯಿಗೇ ರಕ್ತದ ಮಾತನ್ನು ತಂದಿಟ್ಟಿದ್ದಾನೆ. ಇನ್ನೂ ಒಂದಿದೆ, ಅದರ ತಲೆಬರಹ. ದಾವೀದನು ಬತ್ಷೆಬೆಯ ಬಳಿಗೆ ಹೋದ ಮೇಲೆ ನಾತಾನ ಪ್ರವಾದಿ ಬಂದಾಗಿನದು ಎಂದು ಸ್ಪಷ್ಟವಾಗಿದೆ. ಒಂದು ಜನಾಂಗ ತನ್ನ ಅತ್ಯಂತ ಪ್ರೀತಿಯ ಅರಸನ ಅಪರಾಧವನ್ನು ಹಾಡಿನ ನೆತ್ತಿಯ ಮೇಲೇ ಬರೆದು, ತಲೆಮಾರುಗಳವರೆಗೆ ಆರಾಧನೆಯಲ್ಲಿ ಹಾಡಿತು.

ಇಂಗ್ಲೆಂಡಿನ ಜಾನ್ ನ್ಯೂಟನ್ನನದು ಇದೇ ಕಥೆ, ಸ್ವಲ್ಪ ನಿಧಾನವಾಗಿ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರ ಕರುಣೆಗೆ ಮೊರೆಯಿಟ್ಟವನು 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ಇದ್ದ. ಇಂದು ಲೋಕವೆಲ್ಲ ಹಾಡುವ 'ಅಮೇಜಿಂಗ್ ಗ್ರೇಸ್' ಎಂಬ ಕೃಪೆಯ ಗೀತೆಯನ್ನು 1773ರ ಹೊಸವರ್ಷದ ಆರಾಧನೆಗೆ ಸಿದ್ಧಪಡಿಸಿದ. ಆ ವ್ಯಾಪಾರದಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಹೆಸರಿಟ್ಟು ಬಹಿರಂಗವಾಗಿ ಬರೆದದ್ದು 1788ರಲ್ಲಿ. ತನ್ನ ಒಪ್ಪಿಗೆ ಆದ ಹಾನಿಯನ್ನು ಸರಿಪಡಿಸಲಾರದಷ್ಟು ತಡವಾಗಿದೆ ಎಂದು ಅವನೇ ಅಲ್ಲಿ ಹೇಳಿಕೊಂಡಿದ್ದಾನೆ. ಹಾಡು ಮೊದಲು ಬಂತು, ಹಾಳೆ ಎತ್ತಿ ತೋರಿಸಿದ್ದು ಹದಿನೈದು ವರ್ಷದ ಮೇಲೆ.

ನಿಮ್ಮ ಎದುರಿನ ಬೆಂಚಿನವರ ಹಾಡಿನಲ್ಲಿ ಕೊರತೆಯಾಗಿರುವುದು ಭಕ್ತಿಯೋ ಅಲ್ಲವೋ ನಾನು ಹೇಳಲಾರೆ, ಅದು ದೇವರ ಲೆಕ್ಕ. ಆ ಹಾಡಿನಲ್ಲಿ ನೀವಿಲ್ಲ ಎಂಬುದನ್ನಂತೂ ಹೇಳಬಲ್ಲೆ. ಯೇಸು ಕಾಣಿಕೆಯ ಬಗ್ಗೆ ಆಡಿದ ಮಾತು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಯಜ್ಞವೇದಿಯ ಬಳಿ ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗು ಎಂದು. ಇದನ್ನು ನೊಂದವರಿಗೆ ಬುದ್ಧಿ ಹೇಳಲು ಬಳಸುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಸಿಟ್ಟು ಬಂದಿದೆ. ಆ ಮಾತು ಯಾರಿಗೆ ಹೇಳಿದ್ದು ನೋಡಿ: ಯಾರ ಮೇಲೆ ದೂರಿದೆಯೋ ಅವರಿಗೆ. ನಿಮ್ಮ ಸಭೆಯಲ್ಲಿ ಯಾರಾದರೂ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಬೇಕಾಗಿದ್ದರೆ ಅದು ನೀವಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಯೇಸು ತನ್ನ ಮನೆಗೆ ಬಂದಾಗ ಹಾಡಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿದ್ದರ ನಾಲ್ಕರಷ್ಟು ಹಿಂದಕ್ಕೆ ಎಂದು ನಿಂತಲ್ಲೇ ಲೆಕ್ಕ ಹೇಳಿದ.

ಹತ್ತು ಸಾವಿರ ತಲಾಂತು ಮನ್ನಾ ಮಾಡಿಸಿಕೊಂಡು ನೂರು ದಿನಾರಿಗೆ ಜೊತೆಯಾಳಿನ ಕುತ್ತಿಗೆ ಹಿಡಿದವನ ಸಾಮ್ಯವನ್ನು ನಿಮಗೆ ಯಾರಾದರೂ ಈಗಾಗಲೇ ಹೇಳಿರುತ್ತಾರೆ. ಒಂದು ದಿನಾರಿ ಒಂದು ದಿನದ ಕೂಲಿ, ತಲಾಂತೆಂದರೆ ಸುಮಾರು 6,000 ದಿನಾರಿ. ಅಂದರೆ ಮನ್ನಾ ಆದದ್ದು ಆರು ಕೋಟಿ ದಿನಗಳ ಕೂಲಿ, ವಸೂಲಿಗೆ ಹೊರಟದ್ದು ನೂರು ದಿನದ್ದು. ಅದು ನಿಮಗೂ ನನಗೂ ಅನ್ವಯಿಸುತ್ತದೆ, ನಿಮ್ಮ ಸಿಡುಕಿಗೂ ಸೇರಿಸಿ. ಏಳು ಎಪ್ಪತ್ತು ಸಲ ಕ್ಷಮಿಸು ಎಂದು ಪೇತ್ರನಿಗೆ ಹೇಳಿದಾತ ತಾನು ಎಂಟನೆಯ ಸಲಕ್ಕೆ ಬೇಸತ್ತುಕೊಳ್ಳುತ್ತಾನೆಂದು ನನಗೆ ಅನ್ನಿಸುವುದಿಲ್ಲ. ಆದರೆ ನೂರು ದಿನಾರಿಯೂ ನೂರು ದಿನದ ಬೆವರು, ಅದನ್ನು ಸಾಮ್ಯ ಅಲ್ಲಗಳೆಯುವುದಿಲ್ಲ. ಅಲ್ಲಿಯ ಸಾಲಗಾರ ಕಾಲಿಗೆ ಬಿದ್ದು ಸ್ವಲ್ಪ ತಾಳಿಕೋ, ತೀರಿಸುತ್ತೇನೆ ಎಂದು ಬೇಡಿದ. ನಿಮ್ಮವರು ಅಷ್ಟನ್ನಾದರೂ ಹೇಳಿದ್ದಾರೆಯೇ? ಕುತ್ತಿಗೆ ಹಿಡಿಯದಿರುವುದು ಬೇರೆ, ಸಾಲವೇ ಇರಲಿಲ್ಲ ಎನ್ನುವುದು ಬೇರೆ. ಸೇಡಿನ ಆಸೆಯನ್ನು ದೇವರ ಮುಂದೆ ಇಳಿಸಿಬಿಡಿ, ಅದು ನಿಮ್ಮ ಗಂಟಲನ್ನೇ ಒತ್ತುತ್ತಿದೆ. ಸತ್ಯವನ್ನು ಇಳಿಸಬೇಡಿ.

ಆ ಸಾಮ್ಯವಿರುವ ಅಧ್ಯಾಯದಲ್ಲೇ, ಅದಕ್ಕಿಂತ ಮೊದಲು, ನಡೆಯಬೇಕಾದ ಕ್ರಮವೂ ಇದೆ. ಮೊದಲು ಒಬ್ಬರೇ ಹೋಗಿ ತಪ್ಪನ್ನು ತಿಳಿಸುವುದು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗುವುದು. ಆಮೇಲೆ ಸಭೆಗೆ ಹೇಳುವುದು. ಪತ್ರಿಕೆಗೆ ಬರೆಯುವುದು ಆ ಪಟ್ಟಿಯಲ್ಲಿ ಇಲ್ಲ, ಆದರೂ ಬರೆದಿರಿ, ಸಂತೋಷ. ಒಬ್ಬರೇ ಹೋಗಲು ಮನಸ್ಸಾಗದಿದ್ದರೆ ನಂಬುವ ಹಿರಿಯರೊಬ್ಬರನ್ನು ಮೊದಲೇ ಕರೆದುಕೊಳ್ಳಿ, ಅದರಲ್ಲಿ ತಪ್ಪೇನೂ ಕಾಣೆ.

ವೃಂದ ಬಿಡುವ ಮಾತು. ರಾಜೀನಾಮೆ ಬೇಡ. ಕೆಲವು ವಾರ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎಂದಷ್ಟೇ ಹೇಳಿ, ಕಾರಣ ಕೊಡಬೇಕಾಗಿಲ್ಲ. ದೇವಾಲಯದಲ್ಲಿ ದೂರ ನಿಂತು, ಪಾಪಿಯಾದ ನನ್ನನ್ನು ಕರುಣಿಸು ಎಂದ ಸುಂಕದವನಿಗೆ ಅಷ್ಟೇ ಸಾಕಾಗಿತ್ತು. ಉಳಿದ ಸಾಲುಗಳನ್ನು ಬೇರೆಯವರು ಹಾಡುತ್ತಿರಲಿ, ನೀವು ಕೇಳುತ್ತಿರಿ. 136ನೆಯ ಕೀರ್ತನೆಯಲ್ಲಿ ಆತನ ಕೃಪೆ ಶಾಶ್ವತವೆಂಬ ಪಲ್ಲವಿ ಇಪ್ಪತ್ತಾರು ಸಲ ಬರುತ್ತದೆ. ಒಂದೆರಡು ಸಲ ನೀವು ಸುಮ್ಮನಿದ್ದರೆ ಹಾಡು ನಿಲ್ಲುವುದಿಲ್ಲ.

ನಿಮ್ಮ ಹೆಸರನ್ನೂ ಸಾಲದ ಮೊತ್ತವನ್ನೂ ಆ ವ್ಯಕ್ತಿಯ ಗುರುತು ಸಿಗುವ ಎರಡು ವಾಕ್ಯಗಳನ್ನೂ ಪತ್ರದಿಂದ ತೆಗೆದಿದ್ದೇನೆ. ಅವರ ಮನೆಗೆ ಹೋಗುವ ದಿನ ಹಾಡಿನ ಪುಸ್ತಕವನ್ನು ಮನೆಯಲ್ಲೇ ಬಿಟ್ಟು, ರಸೀದಿಗಳನ್ನು ಮಾತ್ರ ತೆಗೆದುಕೊಂಡು ಹೋಗಿ.

ಸಂಪಾದಕ