ನೆಗಡಿ ಹೋದರೂ ಕೆಮ್ಮು ಹೋಗುತ್ತಿಲ್ಲ, ಇದು ಆಸ್ತಮಾನಾ?

ಪ್ರಶ್ನೆ: ಮಗಳಿಗೆ ಮೂರು ವರ್ಷ. ನೆಗಡಿಯಾದಾಗಲೆಲ್ಲ ಎದೆಯಲ್ಲಿ ಸುಂಯ್ ಎನ್ನುವ ಸದ್ದು, ಆಮೇಲೆ ವಾರಗಟ್ಟಲೆ ಕೆಮ್ಮು. ವೈದ್ಯರು ಇನ್ಹೇಲರ್ ಬರೆದಿದ್ದಾರೆ. ಇಷ್ಟು ಚಿಕ್ಕವಳಿಗೆ ಸಿರಪ್ ಸಾಲದೇ? ಮಾಸ್ಕ್ ಇಟ್ಟರೆ ಚೀರಾಡುತ್ತಾಳೆ.

ಉತ್ತರ: ಆಸ್ತಮಾ ಪತ್ತೆಗೆ ಊದಿಸಿ ನೋಡುವ ಪರೀಕ್ಷೆಯನ್ನು ಈ ವಯಸ್ಸಿನವರು ಸರಿಯಾಗಿ ಮಾಡಲಾರರು. ಹಾಗಾಗಿ ಲಕ್ಷಣ ನೋಡಿಯೇ ತೀರ್ಮಾನಿಸಬೇಕು. ನೆಗಡಿಯ ಜೊತೆ ಮಾತ್ರ ಬರುವ ಸದ್ದು ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತಾ ನಿಂತುಹೋಗುತ್ತದೆ. ನೆಗಡಿ ಇಲ್ಲದಾಗಲೂ ಓಡಿದರೆ, ನಕ್ಕರೆ ಕೆಮ್ಮು, ನಿದ್ದೆ ಕೆಡಿಸುವ ಕೆಮ್ಮು, ಮಗುವಿಗೆ ಇಸುಬು, ಹೆತ್ತವರಿಗೆ ಆಸ್ತಮಾ ಇದ್ದರೆ ಅನುಮಾನ ಬಲವಾಗುತ್ತದೆ. ಸದ್ದು ಬಂದಾಗ ಅಂಗಿ ಎತ್ತಿ, ಎದೆ ಕಾಣುವಂತೆ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ.

ಸಿರಪ್‌ಗಿಂತ ಇನ್ಹೇಲರೇ ಮೇಲು. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಸಿರಪ್ಪಿನ 5 ಮಿಲಿಯಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧಿ ಇರುತ್ತದೆ. ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ, ಅದರ ಇಪ್ಪತ್ತನೇ ಒಂದು ಪಾಲು! ಸಿರಪ್ ಮೈಯೆಲ್ಲ ಸುತ್ತಿ ಶ್ವಾಸನಾಳ ತಲುಪಬೇಕು. ಕೈನಡುಕ, ಎದೆಬಡಿತ ಹೆಚ್ಚುವುದು ಅದಕ್ಕೇ. ಇನ್ಹೇಲರ್ ಚಟವಾಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ಆದರೆ ಅಳುವ ಮಗುವಿನ ಎದೆಗೆ ಔಷಧಿ ಇಳಿಯುವುದು ತೀರಾ ಕಡಿಮೆ. ಮಗು ಆರಾಮಾಗಿರುವಾಗ ಮಾಸ್ಕನ್ನು ಆಟಕ್ಕೆ ಕೊಡಿ, ಗೊಂಬೆಗೆ ಹಾಕಿಸಿ. ಕೊಡುವಾಗ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಇನ್ಹೇಲರ್ ಕುಲುಕಿ, ಅದಕ್ಕೂ ಮಾಸ್ಕಿಗೂ ನಡುವಿನ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕ್ ಮೂಗು ಬಾಯಿ ಎರಡನ್ನೂ ಸಂದಿಲ್ಲದೆ ಮುಚ್ಚಲಿ. ಒಂದೇ ಪಫ್ ಒತ್ತಿ, ಐದಾರು ಉಸಿರು ಎಣಿಸಿ. ಎರಡನೆಯದಕ್ಕೆ ಮೊದಲು ಮತ್ತೆ ಕುಲುಕಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿಯ ಹನಿಗಳು ಕೂಡಿಕೊಂಡು ಸ್ಪೇಸರಿನಲ್ಲೇ ಉಳಿಯುತ್ತವೆ. ಸ್ಪೇಸರನ್ನು ಸೋಪುನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಹಿಡಿದು ಔಷಧಿ ಒಳಗೋಡೆಗೆ ಅಂಟುತ್ತದೆ.

ದಿನವೂ ಕೊಡಲು ಸ್ಟಿರಾಯ್ಡ್ (ಶ್ವಾಸನಾಳದ ಊತ ತಗ್ಗಿಸುವ ಔಷಧಿ) ಇನ್ಹೇಲರ್ ಬರೆದಿದ್ದರೆ, ಕೆಮ್ಮು ನಿಂತಿತೆಂದು ನೀವಾಗಿ ನಿಲ್ಲಿಸಬೇಡಿ. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ, ಮುಖ ಒರೆಸಿ. ಮನೆಯಲ್ಲಿ ಯಾರೂ ಸಿಗರೇಟು ಸೇದಕೂಡದು, ಹೊರಗೆ ಸೇದಿ ಬಂದು ಎತ್ತಿಕೊಳ್ಳುವುದೂ ಬೇಡ.

ಉಬ್ಬಸ ಶುರುವಾದರೆ ಸಾಲ್ಬುಟಮಾಲ್ 2 ಪಫ್. ಇಳಿಯದಿದ್ದರೆ 20 ನಿಮಿಷದ ಅಂತರದಲ್ಲಿ ಇನ್ನೆರಡು ಸಲ ಕೊಡಬಹುದು. ಎರಡು ಗಂಟೆಯಲ್ಲಿ 6 ಪಫ್ ಮೀರಿ ಬೇಕೆನಿಸಿದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲು, ನೀರು ಕುಡಿಯಲು ಆಗದಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾದರೆ ಎಣಿಸುತ್ತಾ ಕೂರಬೇಡಿ. ದಾರಿಯಲ್ಲೂ ಪಫ್ ಕೊಡುತ್ತಾ ತಕ್ಷಣ ಕರೆದೊಯ್ಯಿರಿ. ಸುಂಯ್ ಸದ್ದು ನಿಂತೂ ಮಗು ಏದುಸಿರು ಬಿಡುತ್ತಿದ್ದರೆ ಅದು ಗುಣವಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ.