ಸಲಮಾಂಕಾಕ್ಕೆ ಹೊರಟವರ ಪ್ರಶ್ನೆಗಳು

ಸ್ಪೇನ್‌ನ ಸಲಮಾಂಕಾ ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ಮೇಲೆ ಹೋಗಿ ಸ್ಪ್ಯಾನಿಷ್ ಕಲಿಯುವ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಅಲ್ಲಿ ಒಂಬತ್ತು ತಿಂಗಳು ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ ಇದ್ದು ಓದಿದವಳು, ಈಗ ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಐದು ಪತ್ರಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಡಿಗ್ರಿಯಲ್ಲಿ ಸ್ಪ್ಯಾನಿಷ್ ತಗೊಂಡು ಎ2 ಅನ್ನುವ ಎರಡನೇ ಮಟ್ಟ ಮುಗಿಸಿದ್ದೇನೆ. ಸೆಪ್ಟೆಂಬರ್‌ನಲ್ಲಿ ಒಂದು ಸೆಮಿಸ್ಟರ್‌ಗೆ ಸಲಮಾಂಕಾಕ್ಕೆ ಹೊರಟಿದ್ದೇನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಗ್ಲಿಷ್ ಗಟ್ಟಿ ಇಲ್ಲದವರಿಗೆ ಸ್ಪ್ಯಾನಿಷ್ ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ ಮೇಡಂ?
— ವಿದ್ಯಾರ್ಥಿನಿ, ಹಾವೇರಿ

ಇಲ್ಲ ತಂಗಿ, ನಿಜ ಅಲ್ಲ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಯಾಕಂದ್ರೆ ನಾನೂ ಇದನ್ನೇ ನಂಬಿಕೊಂಡು ಎರಡು ವರ್ಷ ಪ್ರತಿ ಸ್ಪ್ಯಾನಿಷ್ ವಾಕ್ಯವನ್ನೂ ಮೊದಲು ಇಂಗ್ಲಿಷ್‌ಗೆ ತಿರುಗಿಸಿ, ಅಲ್ಲಿಂದ ಕನ್ನಡಕ್ಕೆ ತಂದು, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದೆ. ಸುಮ್ನೆ ಸುತ್ತು ದಾರಿ. ನೀನು ಕನ್ನಡದಿಂದ ನೇರವಾಗಿ ಹೋಗು.

ಒಂದು ಉದಾಹರಣೆ ನೋಡು. ‘ನನಗೆ ಕಾಫಿ ಇಷ್ಟ’ ಅನ್ನೋದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಅನ್ನುತ್ತಾರೆ. ಆ ‘ಮೆ’ ನಮ್ಮ ‘ನನಗೆ’. ‘ಮೆ ದುಎಲೆ ಲಾ ಕಬೇಥಾ’ ಅಂದರೆ ‘ನನಗೆ ತಲೆ ನೋಯುತ್ತಿದೆ’. ನನ್ನ ಕ್ಲಾಸಿನಲ್ಲಿದ್ದ ಅಮೆರಿಕದ ಹುಡುಗರಿಗೆ ಇದು ತಿಂಗಳುಗಟ್ಟಲೆ ತಲೆನೋವಾಗಿತ್ತು, ಅವರ ಭಾಷೆಯಲ್ಲಿ ಇಷ್ಟಪಡುವವನೇ ವಾಕ್ಯದ ಯಜಮಾನ. ನಮಗೆ ಹುಟ್ಟಿದಾಗಿನಿಂದ ‘ನನಗೆ ಹಸಿವು, ನನಗೆ ನಿದ್ದೆ, ನನಗೆ ಬೇಕು’ ಅಂತಲೇ ರೂಢಿ.

ಕ್ರಿಯಾಪದದ ಕೊನೆ ನೋಡಿ ಯಾರು ಅಂತ ತಿಳಿಯುವುದೂ ಹಾಗೆಯೇ. ‘ಬರ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷ್‌ನಲ್ಲೂ ‘ಆಬ್ಲೊ’ ಅಂದರೆ ಮಾತಾಡ್ತೀನಿ, ‘ಆಬ್ಲಾಸ್’ ಅಂದರೆ ಮಾತಾಡ್ತೀಯ. ಎಲ್ಲರೂ ಹೆದರಿಸುವ, ಆಸೆ ಸಂದೇಹ ಹೇಳುವ ಕ್ರಿಯಾರೂಪ ಸುಬ್‌ಹುಂತಿವೊ ಇದೆಯಲ್ಲ, ಅದರಲ್ಲಿ ಮೊದಲು ಬೇಕಾಗುವ ಭಾಗ ನಮ್ಮ ‘ಬರಲಿ, ಆಗಲಿ, ಇರಲಿ’ಯೇ. ‘ಕೆ ಬೆಂಗಾ’ ಅಂದರೆ ‘ಬರಲಿ’. ಹುಷಾರಿಲ್ಲದವರಿಗೆ ‘ಕೆ ತೆ ಮೆಹೋರೆಸ್’ ಅನ್ನುತ್ತಾರೆ, ‘ಬೇಗ ವಾಸಿಯಾಗಲಿ’ ಅಂದ ಹಾಗೆ.

‘ಸೆರ್’ ಮತ್ತು ‘ಎಸ್ತಾರ್’ ಅಂತ ‘ಇರು’ವಿಗೆ ಎರಡು ಕ್ರಿಯಾಪದ ಇವೆಯಲ್ಲ, ಅದನ್ನೂ ಕನ್ನಡದ ಕಿವಿಯಿಂದ ಕೇಳು. ‘ಅವಳು ಟೀಚರ್’, ‘ನಾನು ಹಾವೇರಿಯವಳು’ ಇಲ್ಲೆಲ್ಲ ನಾವು ಕ್ರಿಯಾಪದವನ್ನೇ ಹಾಕಲ್ಲ. ಅಲ್ಲಿ ‘ಸೆರ್’ ಬರುತ್ತದೆ. ‘ಅವಳು ಮನೇಲಿ ಇದ್ದಾಳೆ’, ‘ಕಾಫಿ ಬಿಸಿಯಾಗಿದೆ’ ಅಂತ ‘ಇದೆ’ ಸೇರಿಸುವಲ್ಲಿ ಹೆಚ್ಚಾಗಿ ‘ಎಸ್ತಾರ್’. ಎಲ್ಲ ಕಡೆ ಹೊಂದುವುದಿಲ್ಲ. ‘ಅವನು ಎತ್ತರ ಇದ್ದಾನೆ’ ಅನ್ನೋದಕ್ಕೆ ‘ಎಸ್ ಆಲ್ತೊ’ ಅಂತ ‘ಸೆರ್’ ಬೇಕು. ಆದರೂ ಶುರುವಿಗೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಉಚ್ಚಾರಣೆಯಲ್ಲೂ ನಿನಗೆ ಅನುಕೂಲ ಜಾಸ್ತಿ. ಸ್ಪ್ಯಾನಿಷ್‌ನ ಐದು ಸ್ವರ ಅ, ಎ, ಇ, ಒ, ಉ. ಅವರ ತ ನಮ್ಮ ತ ಥರವೇ, ನಾಲಿಗೆ ಹಲ್ಲಿಗೆ ತಗಲುತ್ತದೆ, ಟ ಅಲ್ಲ. ‘ಪೆರೊ’ ಅಂದರೆ ನಮ್ಮ ‘ಆದರೆ’, ಅದೇ ರ ಗಡಗಡ ಅಂತ ಉರುಳಿಸಿದರೆ ನಾಯಿ. ಹಳಗನ್ನಡದಲ್ಲಿ ನಮಗೂ ಎರಡು ರ ಇತ್ತು, ಆ ಇನ್ನೊಂದೇ ಶಕಟರೇಫ. ಈಗ ಬಾಯಲ್ಲಿ ಉಳಿದಿಲ್ಲ, ಹಾಗಾಗಿ ಇದಕ್ಕೆ ಅಭ್ಯಾಸ ಬೇಕು. ಎತ್ತು ಹೊಡೆಯುವವರು ನಾಲಿಗೆ ಉರುಳಿಸಿ ‘ಟ್ರ್‌ರ್‌ರ್’ ಅನ್ನುತ್ತಾರಲ್ಲ, ಅಲ್ಲಿಂದ ಶುರು ಮಾಡು.

ಕಷ್ಟ ಎಲ್ಲಿ ಅಂದರೆ ಲಿಂಗದಲ್ಲಿ. ನಮಗೆ ವಸ್ತುಗಳೆಲ್ಲ ‘ಅದು’. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಆ ಲೆಕ್ಕದಲ್ಲಿ ಕೈ ಹೆಣ್ಣು ಅಂತಾದರೆ ಸಮಸ್ಯೆ ಗಂಡು. ಪದವನ್ನು ಒಂಟಿಯಾಗಿ ಕಲಿಯಬೇಡ, ‘ಲಾ ಮೆಸಾ’, ‘ಎಲ್ ಲಿಬ್ರೊ’ ಅಂತ ಜೋಡಿಯಾಗಿಯೇ ಬಾಯಿಪಾಠ ಮಾಡು. ಆ ಮೆಸಾ ಗೊತ್ತಾಯ್ತಲ್ವಾ? ನಮ್ಮ ಮೇಜಿನ ಅಕ್ಕ. ಪೋರ್ಚುಗೀಸರ ಮೂಲಕ ನಮಗೆ ಬಂದವು ಅಂತ ಹೇಳುವ ಮೇಜು, ಅಲಮಾರು, ಸಾಬೂನು ಎಲ್ಲದರ ಬಂಧುಗಳೂ ಸ್ಪ್ಯಾನಿಷ್‌ನಲ್ಲಿವೆ. ಅವರ ಸಕ್ಕರೆ ‘ಅಥೂಕಾರ್’, ಅದು ಇಲ್ಲಿಯ ಶರ್ಕರಾ ಅರಬ್ಬರ ಕೈದಾಟಿ ಅಲ್ಲಿಗೆ ಹೋದದ್ದು.

ಅಕ್ಕ, ನಾನು ಸಲಮಾಂಕಾಕ್ಕೆ ಬಂದು ಮೂರು ವಾರ ಆಯ್ತು. ಕ್ಲಾಸಿನಲ್ಲಿ ಅರ್ಧ ಅರ್ಥ ಆಗುತ್ತೆ, ಅಂಗಡಿಯಲ್ಲಿ ಏನೂ ಅರ್ಥ ಆಗಲ್ಲ. ಬೇರೆ ಎಕ್ಸ್‌ಚೇಂಜ್ ಹುಡುಗರ ಜೊತೆ ಇಂಗ್ಲಿಷ್‌ನಲ್ಲೇ ದಿನ ಕಳೆಯುತ್ತೆ. ಸಂಜೆ ರೂಮಿಗೆ ಬಂದರೆ ಅಳು ಬರುತ್ತೆ. ವಾಪಸ್ ಬಂದುಬಿಡಲಾ?
— ಮಂಡ್ಯದ ಹುಡುಗ, ಸದ್ಯ ಸಲಮಾಂಕಾ

ಬರಬೇಡ ಕಣಪ್ಪ. ಮೂರನೇ ವಾರವೇ ಎಲ್ಲಕ್ಕಿಂತ ಕೆಟ್ಟ ವಾರ. ನೋಡುವ ಉತ್ಸಾಹ ಮುಗಿದಿರುತ್ತದೆ, ಭಾಷೆ ಇನ್ನೂ ಬಂದಿರುವುದಿಲ್ಲ. ನನಗೂ ಹಾಗೇ ಆಗಿತ್ತು. ಸಂಜೆ ಅಳು ಬಂದರೆ ಅತ್ತುಬಿಡು, ಮನೆಗೆ ಫೋನ್ ಮಾಡು, ಆದರೆ ಫೋನನ್ನು ಅರ್ಧ ಗಂಟೆಗೆ ನಿಲ್ಲಿಸಿ ಹೊರಗೆ ಹೋಗು. ಅತ್ತೂ ಅತ್ತೂ ಊಟ ನಿದ್ದೆ ಬಿಟ್ಟುಹೋದರೆ ಮಾತ್ರ ತಡಮಾಡದೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಹೇಳು, ನಾಚಿಕೊಳ್ಳಬೇಡ.

ಇಂಗ್ಲಿಷ್ ಗುಂಪು ದೊಡ್ಡ ಬಲೆ. ಅವರು ಒಳ್ಳೆಯವರೇ, ಆದರೆ ಆರು ತಿಂಗಳು ಅವರ ಜೊತೆಯಲ್ಲೇ ಇದ್ದು ಬಂದವರು ಸ್ಪ್ಯಾನಿಷ್‌ನಲ್ಲಿ ಬಿಲ್ ಕೇಳುವುದಷ್ಟೇ ಕಲಿತು ಬಂದದ್ದನ್ನು ಕಂಡಿದ್ದೇನೆ. ‘ಇಂತೆರ್‌ಕಾಂಬಿಯೊ’ ಅಂತ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿರುತ್ತಾರೆ, ಅರ್ಧ ಗಂಟೆ ನಿನ್ನ ಭಾಷೆ, ಅರ್ಧ ಗಂಟೆ ನನ್ನ ಭಾಷೆ. ಹೆಚ್ಚಿನವರು ಇಂಗ್ಲಿಷ್ ಕೇಳುತ್ತಾರೆ, ಕೊಡು. ನಿನ್ನ ಅರ್ಧ ಗಂಟೆಯನ್ನು ಮಾತ್ರ ಬಿಟ್ಟುಕೊಡಬೇಡ. ಭೇಟಿ ಎಲ್ಲಿ ಅಂದರೆ ಎಲ್ಲರೂ ‘ಗಡಿಯಾರದ ಕೆಳಗೆ’ ಅನ್ನುತ್ತಾರೆ. ಅಂದರೆ ಪ್ಲಾಥಾ ಮಯೋರ್, 1729ರಿಂದ 1755ರವರೆಗೆ ಕಟ್ಟಿದ ಆ ದೊಡ್ಡ ಚೌಕ.

ಇನ್ನೊಂದು ಕೆಲಸ ಮಾಡು. ವಿಶ್ವವಿದ್ಯಾಲಯದ ಹಳೇ ಕಟ್ಟಡದ ಮುಂಭಾಗದಲ್ಲಿ ಕೆತ್ತನೆಯ ನಡುವೆ ಒಂದು ತಲೆಬುರುಡೆಯ ಮೇಲೆ ಪುಟ್ಟ ಕಪ್ಪೆ ಕೂತಿದೆ. ಅದನ್ನು ತಾನಾಗಿ ಹುಡುಕಿದ ವಿದ್ಯಾರ್ಥಿ ಪಾಸಾಗುತ್ತಾನೆ ಅಂತ ನಂಬಿಕೆ. ನೀನು ಹುಡುಕಿ ಆಗಿದ್ದರೂ ಹೋಗಿ ನಿಲ್ಲು. ದಿನಾ ಯಾರಾದರೂ ‘ದೋಂದೆ ಎಸ್ತಾ ಲಾ ರಾನಾ?’ ಅಂತ ಕೇಳುತ್ತಲೇ ಇರುತ್ತಾರೆ. ಬಲಗಡೆ, ಮೇಲೆ, ಇನ್ನೂ ಸ್ವಲ್ಪ ಎಡಕ್ಕೆ ಅಂತ ತೋರಿಸುತ್ತಾ ತೋರಿಸುತ್ತಾ ನನ್ನ ಬಾಯಿ ಬಿಚ್ಚಿದ್ದೇ ಅಲ್ಲಿ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು, ಭಾಷೆ ಬಾರದೆ ಬಂದು ನಿಂತವರನ್ನು ಎಂಟುನೂರು ವರ್ಷದಿಂದ ನೋಡಿದೆ.

ಅಂಗಡಿಯ ಮಾತು ಅರ್ಥ ಆಗದಿರುವುದಕ್ಕೆ ವೇಗವೊಂದೇ ಕಾರಣ ಅಲ್ಲ, ತುಂಬುಪದಗಳೂ ಕಾರಣ. ‘ಎಸ್ ಕೆ’ ಅಂದರೆ ನಮ್ಮ ‘ಏನಂದ್ರೆ’. ‘ಆ ಬೆರ್’ ಅಂದರೆ ‘ನೋಡೋಣ’. ‘ಬಾಲೆ’ ಅಂದರೆ ‘ಸರಿ, ಆಯ್ತು’. ಕೊನೆಗೆ ‘ನೊ?’ ಅಂದರೆ ‘ಅಲ್ವಾ’. ಈ ನಾಲ್ಕನ್ನು ತೆಗೆದಿಟ್ಟು ಕೇಳು, ಉಳಿಯುವ ಮಾತು ಕಡಿಮೆ.

ತಪ್ಪು ಮಾತಾಡಿದರೂ ಪರವಾಗಿಲ್ಲ, ಮಾತಾಡು. ಒಂದು ಶುಕ್ರವಾರ ಬೆಳಿಗ್ಗೆ ನಾನು ಹತ್ತಿರದ ಆವಿಲಾ ಊರು ನೋಡಲು ಹೊರಟೆ. ಬಾಗಿಲಲ್ಲಿ ನಮ್ಮಮ್ಮನಿಗೆ ಹೇಳುವ ಹಾಗೆ ಮನೆಯೊಡತಿಗೆ ‘ಬೋಯ್ ಇ ಬೆಂಗೊ’ ಅಂದೆ, ಹೋಗಿ ಬರ್ತೀನಿ. ಅದು ಅಲ್ಲಿ ‘ಈಗ ಹೋಗಿ ಈಗ ಬಂದೆ’ ಅಂತ ಅರ್ಥ. ರಾತ್ರಿ ಒಂಬತ್ತಕ್ಕೆ ಬಂದು ನೋಡಿದರೆ ಮೇಜಿನ ಮೇಲೆ ನನ್ನ ಮಧ್ಯಾಹ್ನದ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಮುಚ್ಚಿದೆ, ಪಕ್ಕದಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಬ್ರೆಡ್ ತುಂಡು ಒಣಗಿ ಗಟ್ಟಿಯಾಗಿದೆ. ಅವರು ನಾಲ್ಕು ಗಂಟೆವರೆಗೆ ಉಣ್ಣದೆ ಕಾದಿದ್ದರು. ನಮ್ಮ ಕಡೆ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಅಂತ ನನಗೆ ಗೊತ್ತಿದ್ದಷ್ಟು ಸ್ಪ್ಯಾನಿಷ್‌ನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಆವತ್ತು ಮಾತಾಡಿದಷ್ಟು ಸ್ಪ್ಯಾನಿಷನ್ನು ನಾನು ಅದುವರೆಗೆ ಮಾತಾಡಿರಲಿಲ್ಲ. ಮಾರನೇ ದಿನದಿಂದ ನಾನು ಹೊರಟಾಗಲೆಲ್ಲ ಅವರೇ ಬಾಗಿಲಿಗೆ ಬಂದು ‘ಬೆ ಇ ಬೆನ್’ ಅನ್ನತೊಡಗಿದರು. ಹೋಗಿ ಬಾ.

ನನ್ನ ಮಗಳು ಜನವರಿಯಲ್ಲಿ ಹೊರಟಿದ್ದಾಳೆ, ಅಲ್ಲಿ ಒಂದು ಕುಟುಂಬದ ಮನೆಯಲ್ಲಿ ಇರುತ್ತಾಳೆ. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ಅವಳ ಊಟದ ಗತಿಯೇನು? ಊರು ಹೇಗೆ, ಹೆಣ್ಣುಮಗು ಒಬ್ಬಳೇ ಓಡಾಡಬಹುದಾ?
— ಗೃಹಿಣಿ, ಶಿರಸಿ

ಅಮ್ಮಾ, ಊರಿನ ವಿಷಯ ಮೊದಲು. ನಡೆದೇ ಸುತ್ತಬಹುದಾದ ವಿದ್ಯಾರ್ಥಿಗಳ ಊರು. ರಾತ್ರಿ ಹನ್ನೆರಡಕ್ಕೂ ಬೀದಿಯಲ್ಲಿ ಹುಡುಗಿಯರು, ಅಜ್ಜಿಯರು ಎಲ್ಲ ಇರುತ್ತಾರೆ. ಎಲ್ಲ ಊರಿನಲ್ಲಿರುವ ಎಚ್ಚರ ಸಾಕು.

ಊಟಕ್ಕೆ ಮಾತ್ರ ಮುಂಚೆಯೇ ತಯಾರಿ ಬೇಕು. ‘ನಾನು ವೆಹೆತರಿಯಾನಾ’ ಅಂದರೆ ಸಾಲದು. ಅಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ‘ಕಾರ್ನೆ’ ಅಂದರೆ ಮಾಂಸದ ತುಂಡು ಮಾತ್ರ, ಹಂದಿಯ ಹಮೋನ್ ಬೇರೆ, ಸಲಾಡಿಗೆ ಹಾಕುವ ಟೂನಾ ಮೀನು ಬೇರೆ. ಮಗಳಿಗೆ ಈ ವಾಕ್ಯ ಕಲಿಸಿ: ‘ನೊ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಆತೂನ್, ನಿ ಉಎಬೊ’. ಮಾಂಸ, ಮೀನು, ಹಮೋನ್, ಟೂನಾ, ಮೊಟ್ಟೆ ಯಾವುದೂ ತಿನ್ನಲ್ಲ ಅಂತ. ಮನೆಯವರಿಗೆ ಹೋಗುವ ಮೊದಲೇ ಬರೆದು ತಿಳಿಸಲಿ, ಹೋದ ಮೇಲೆ ತಟ್ಟೆ ಮುಂದೆ ಕೂತು ಹೇಳಿದರೆ ಮಾಡಿದವರಿಗೂ ಬೇಜಾರು. ಅಲ್ಲಿಯ ಪ್ರಸಿದ್ಧ ತೋರ್ತಿಯಾದಲ್ಲಿ ಆಲೂಗಡ್ಡೆ ಇದ್ದರೂ ಅದು ಮೊಟ್ಟೆಯದೇ. ಬೇಳೆಯ ಸಾರಿನಂಥ ‘ಲೆಂತೇಹಾಸ್’ ಮಾಡುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಚೊರೀಥೊ ಅನ್ನುವ ಹಂದಿ ಸಾಸೇಜ್ ಬೀಳುತ್ತದೆ. ‘ಸಿನ್ ಚೊರೀಥೊ’ ಅಂತ ಕೇಳಬೇಕು. ಚೀಸ್‌ಗೆ ಪ್ರಾಣಿಜನ್ಯ ಹೆಪ್ಪು ಬಳಸುವುದುಂಟು, ಅದನ್ನೂ ನೋಡಿಕೊಳ್ಳಲಿ.

ತಿನ್ನಲು ಏನಿದೆ ಅಂದರೆ ಟೊಮೇಟೊ ಉಜ್ಜಿದ ಬ್ರೆಡ್, ಪಾಲಕ್ ಹಾಕಿದ ಕಡಲೆ, ಸುಟ್ಟ ದೊಣ್ಣೆಮೆಣಸು, ಮೊಸರು, ಕಿತ್ತಳೆ. ಅಕ್ಕಿ ಹಾಲಿನಲ್ಲಿ ಬೇಯಿಸಿದ ‘ಅರೋಥ್ ಕೋನ್ ಲೆಚೆ’ ನಿಮ್ಮ ಪಾಯಸಕ್ಕೆ ತೀರಾ ದೂರ ಅಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಗೋಧಿ ‘ಸೇಮೊಲಾ’ ಸಿಗುತ್ತದೆ, ಅದರಲ್ಲಿ ಉಪ್ಪಿಟ್ಟು ಚೆನ್ನಾಗಿ ಬರುತ್ತದೆ. ಸಾಸಿವೆ, ಇಂಗು, ಸಾರಿನ ಪುಡಿ ಇಲ್ಲಿಂದ ಕಟ್ಟಿಕೊಡಿ. ತುಪ್ಪ, ಪೇಡ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ಒಯ್ಯಲು ಯೂರೋಪಿನಲ್ಲಿ ಬಿಡುವುದಿಲ್ಲ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದ್ದು ಒಂಬತ್ತೂವರೆಗೆ, ಭಾನುವಾರ ಅಂಗಡಿ ಬಹುತೇಕ ಮುಚ್ಚಿರುತ್ತವೆ. ಮೊದಲ ವಾರ ಬ್ಯಾಗಿನಲ್ಲಿ ಚಕ್ಕುಲಿ ಇರಲಿ. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಶಿರಸಿಯ ಸ್ವೆಟರ್ ಏನೂ ಸಾಲದು.

ವೀಸಾಕ್ಕೆ ಏನೇನು ಬೇಕು? ವಾಪಸ್ ಬಂದಮೇಲೆ ಸರ್ಟಿಫಿಕೇಟ್ ಯಾವುದು ಒಳ್ಳೆಯದು?
— ತಂದೆ, ಹುಬ್ಬಳ್ಳಿ

180 ದಿನದೊಳಗಿನ ಓದಿಗೆ ವೀಸಾ ಒಂದೇ ಸಾಕು. ಅದು ಮೀರಿದರೆ ಹೋದ ಒಂದು ತಿಂಗಳೊಳಗೆ ಅಲ್ಲಿ ‘ತಿಯೆ’ ಅನ್ನುವ ವಿದೇಶಿಯರ ಕಾರ್ಡಿಗೆ ಅರ್ಜಿ ಹಾಕಬೇಕು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಇಳಿದ ದಿನವೇ ಹುಡುಕಲು ಶುರು ಮಾಡಲಿ. ಖರ್ಚಿಗೆ ಹಣ ಇದೆ ಅಂತ ತೋರಿಸುವ ಲೆಕ್ಕ ಅಲ್ಲಿಯ ‘ಇಪ್ರೆಮ್’ ಎಂಬ ಸೂಚ್ಯಂಕದ ಮೇಲೆ ನಿಂತಿದೆ, 2023ರಲ್ಲಿ ಅದು ತಿಂಗಳಿಗೆ 600 ಯೂರೊ ಆಯಿತು. ಅರ್ಜಿ ಹಾಕುವ ವರ್ಷದ ಮೊತ್ತ ನೋಡಿಕೊಳ್ಳಿ. ಕಾಗದಗಳಿಗೆ ಹೊರದೇಶದಲ್ಲಿ ಮಾನ್ಯ ಮಾಡುವ ಅಪೊಸ್ಟಿಲ್ ಮುದ್ರೆ, ಅಧಿಕೃತ ಅನುವಾದಕರ ಸ್ಪ್ಯಾನಿಷ್ ಅನುವಾದ ಕೇಳಿದರೆ ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಬೇಗ ಶುರು ಮಾಡಿ. ಸರ್ಟಿಫಿಕೇಟ್ ಅಂದರೆ ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್‌ತಿತೂತೊ ಸೆರ್ವಾಂತೆಸ್‌ನ ಡೆಲೆ. ಅದಕ್ಕೆ ಅವಧಿ ಮುಗಿಯುವುದಿಲ್ಲ. ಸಿಯೆಲೆ ಅನ್ನುವ ಇನ್ನೊಂದು ಪರೀಕ್ಷೆ ಬೇಗ ಬರೆಯಬಹುದು, ಅದರ ಸರ್ಟಿಫಿಕೇಟ್, ಐದು ವರ್ಷ ಮಾತ್ರ ನಡೆಯುತ್ತದೆ.

ಮನೆಯವರಿಗೆ ಏನು ಉಡುಗೊರೆ ಒಯ್ಯಲಿ? ಅವರನ್ನು ಏನಂತ ಕರೆಯಲಿ?
— ವಿದ್ಯಾರ್ಥಿನಿ, ಮೈಸೂರು

ಹೆಸರು ಹಿಡಿದೇ ಕರಿ ಅನ್ನುತ್ತಾರೆ, ಅರವತ್ತು ದಾಟಿದವರೂ. ನಮಗೆ ನಾಲಿಗೆ ಏಳುವುದಿಲ್ಲ, ಅಲ್ವಾ? ಮೊದಲು ‘ಉಸ್ತೆದ್’, ಅಂದರೆ ‘ನೀವು’ ಅಂತಲೇ ಮಾತಾಡು. ಅವರಾಗಿ ‘ತು’ ಅನ್ನು ಅಂದಾಗ ‘ನೀನು’ಗೆ ಇಳಿ. ಸ್ಪೇನ್‌ನಲ್ಲಿ ‘ತು’ ಬಹಳ ಬಳಕೆ, ಎಷ್ಟೋ ಮೇಷ್ಟ್ರುಗಳಿಗೂ ನಡೆಯುತ್ತದೆ. ಅದರಲ್ಲಿ ಅಗೌರವ ಇಲ್ಲ. ನನಗೆ ಅದು ಬಾಯಿಗೆ ಬರಲು ಎರಡು ತಿಂಗಳು ಬೇಕಾಯಿತು.

ಉಡುಗೊರೆಗೆ ನಿಮ್ಮೂರಿನ ಸ್ಯಾಂಡಲ್ ಸೋಪು ಒಯ್ಯಿ, ನಾಲ್ಕೈದು. ‘ಹಬೋನ್ ದೆ ಸಾಂದಲೊ’ ಅಂದರೆ ಸಾಕು, ಸಾಬೂನೂ ಚಂದನವೂ ಎರಡೂ ಅವರ ಮಾತಿನಲ್ಲೇ ಇವೆ. ನಮ್ಮ ಮನೆಯೊಡತಿ ಅದನ್ನು ಸ್ನಾನಕ್ಕೆ ಬಳಸಲಿಲ್ಲ. ಪೊಟ್ಟಣ ಸ್ವಲ್ಪ ಬಿಚ್ಚಿ ಅಲಮಾರಿನಲ್ಲಿ ಹಾಸಿಗೆ ಬಟ್ಟೆಗಳ ನಡುವೆ ಇಟ್ಟರು. ಹದಿನೈದು ದಿನಕ್ಕೊಮ್ಮೆ ನನ್ನ ಹಾಸಿಗೆಗೆ ಹೊಸ ಬಟ್ಟೆ ಹಾಕಿದಾಗ ರೂಮೆಲ್ಲ ಗಂಧ. ಬ್ಯಾಗಿನಲ್ಲಿ ಬಟ್ಟೆಯ ಜೊತೆ ಇಡಬೇಡ, ತಿಂಡಿಯ ಜೊತೆಯಂತೂ ಇಡಲೇಬೇಡ, ಚಕ್ಕುಲಿಯೂ ಅದೇ ವಾಸನೆ ಬರುತ್ತದೆ.