ಎಂಎಚ್ ನಂಬರಿನ ಕಾರು ಬೆಂಗಳೂರಿಗೆ ತಂದರೆ ಕೆಎ ನಂಬರ್ ಯಾವಾಗ ಮಾಡಿಸಬೇಕು?

ಬಂದ ತಕ್ಷಣ ಮಾಡಿಸಬೇಕಿಲ್ಲ, ಗಾಬರಿ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಮಾತ್ರ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಲೆಕ್ಕ ಶುರುವಾಗುವುದು ಗಾಡಿ ಇಲ್ಲಿಗೆ ಬಂದ ದಿನದಿಂದ. ಹಾಗಾಗಿ ಗಡಿ ದಾಟಿದ ದಿನದ ಫಾಸ್ಟ್ಯಾಗ್ ದಾಖಲೆ ಜೋಪಾನವಾಗಿಡಿ. ಯಾರಾದರೂ ತಡೆದು ಕೇಳಿದರೆ ತೋರಿಸಲು ಅದೇ ಆಧಾರ.

ಇಲ್ಲೇ ನೆಲೆಸುವುದಾದರೆ ಮೊದಲು ಹಳೇ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಅದಕ್ಕೆ ಫಾರ್ಮ್ 28. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಆಮೇಲೆ ಇಲ್ಲಿ ಫಾರ್ಮ್ 27 ಕೊಟ್ಟು, ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಈ ತೆರಿಗೆ ನಿಜಕ್ಕೂ ಭಾರ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು. ಸುಮ್ನೆ ಬಿಟ್ಟುಬಿಡಬೇಡಿ, ಅದು ನಿಮ್ಮದೇ ದುಡ್ಡು ಅಲ್ವಾ?

ಪದೇ ಪದೇ ವರ್ಗವಾಗುವವರಿಗೆ 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರೇ ಒಳ್ಳೆಯದು, ರಾಜ್ಯ ಬದಲಾದರೂ ಅದನ್ನು ಬದಲಿಸಬೇಕಿಲ್ಲ. ಸರ್ಕಾರಿ ನೌಕರರಿಗೆ ಅದು ಸಿಗುತ್ತದೆ. ಖಾಸಗಿಯವರಾದರೆ ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರಬೇಕು.